ಟೈಲರ್ ಇನ್ನಾಸಪ್ಪನವರ ಉಸಿರು

ಮೊನ್ನೆ ಮೊಮ್ಮಗಳಿಗೆ ನೆಗಡಿ ಕಟ್ಟಿಕೊಂಡಿತ್ತು. ಮಗಳು ಎಲ್ಲಿಂದಲೋ ಟಿಂಕ್ಚರ್ ಬೆಂಜೋಯಿನ್ ಹುಡುಕಿ ತಂದು, ಕುದಿಯುವ ನೀರಿಗೆ ಒಂದಿಷ್ಟು ಹನಿ ಬಿಟ್ಟು, ಮಗುವಿನ ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದಳು. ಸಾಂಬ್ರಾಣಿಯಂಥ ಆ ವಾಸನೆ ನಡುಮನೆಗೆ ಬಂದದ್ದೇ ತಡ, ಓದುತ್ತಿದ್ದ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ. ಸಿದ್ಧಾರ್ಥನಗರದ ಈ ಮನೆ ಎಲ್ಲೋ ದೂರ ಸರಿದು, ಲಷ್ಕರ್ ಮೊಹಲ್ಲಾದ ಒಂದು ಇಕ್ಕಟ್ಟಾದ ಕ್ಲಿನಿಕ್ಕು ಕಣ್ಣಮುಂದೆ ಬಂತು. ಮಳೆಗಾಲ ಪೂರ್ತಿ ಅಲ್ಲಿ ಇದೇ ವಾಸನೆ. ಕೆಮ್ಮುವವರು, ಉಬ್ಬಸದವರು, ಮಕ್ಕಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ತಾಯಂದಿರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿರುತ್ತಿದ್ದರು.

ಅರವತ್ತರ ದಶಕದ ಮೊದಮೊದಲ ವರ್ಷಗಳು. ನಾನು ತಿ. ನರಸೀಪುರದ ಕಡೆ ಭತ್ತ ಬೆಳೆಯುವ ಮನೆಯ ಹುಡುಗಿ. ನಮ್ಮ ವಂಶದಲ್ಲೇ ಡಾಕ್ಟರಿಕೆ ಓದಿದವಳು ನಾನೊಬ್ಬಳೇ. ಓದು ಮುಗಿಸಿ, ರಂಗಸ್ವಾಮಿ ಡಾಕ್ಟರ ಬಳಿ ಸಹಾಯಕಿಯಾಗಿ ಸೇರಿದ್ದೆ. ಅವರಿಗೆ ಆಗಲೇ ಅರವತ್ತು ಸಮೀಪಿಸಿತ್ತು. ಬಿಳಿ ಪಂಚೆ, ಕರಿಯ ಕೋಟು, ಬೆರಳ ಸಂದಿಯಲ್ಲಿ ಸದಾ ಒಂದು ಸಿಗರೇಟು. ಬಡಾವಣೆಯವರಿಗೆಲ್ಲ ಅವರು ದೊಡ್ಡ ಡಾಕ್ಟರು, ನಾನು ಡಾಕ್ಟ್ರಮ್ಮ. ಹೆಂಗಸರು ಮಕ್ಕಳು ನನ್ನ ಬಳಿ ಸಂಕೋಚವಿಲ್ಲದೆ ಬರುತ್ತಿದ್ದರು. ಗಂಡಸರು ಮಾತ್ರ ಸ್ಟೆತೊಸ್ಕೋಪು ಕಂಡ ಕೂಡಲೇ ಅಂಗಿಯ ಗುಂಡಿ ಬಿಗಿ ಹಿಡಿದುಕೊಂಡು, “ದೊಡ್ ಡಾಕ್ಟ್ರು ಬರ್ಲಿ ಬುಡಿ, ಕಾಯ್ತೀನಿ” ಅನ್ನುತ್ತಿದ್ದರು. ಗಂಡಸರ ಮೈಯಲ್ಲಿ ಕೈ, ಕಾಲು, ಕಿವಿ ಇಷ್ಟೇ ನನ್ನ ಪಾಲಿಗೆ ಬಂದದ್ದು.

ಟೈಲರ್ ಇನ್ನಾಸಪ್ಪನವರು ನನ್ನ ಪಾಲಿಗೆ ಬಂದದ್ದೂ ಬೆರಳಿನಿಂದಲೇ.

ಜೂನ್ ತಿಂಗಳು. ಸ್ಕೂಲುಗಳು ಶುರುವಾಗಿ, ಯೂನಿಫಾರಂ ಹೊಲಿಯುವ ಅಂಗಡಿಗಳಲ್ಲಿ ಮೆಷೀನಿನ ಸದ್ದು ಜಿಟಿಜಿಟಿ ಮಳೆಯ ಸದ್ದಿಗಿಂತ ಜೋರಾಗಿದ್ದ ದಿನಗಳು. ಇನ್ನಾಸಪ್ಪನವರ ಅಂಗಡಿ ನಮ್ಮ ಕ್ಲಿನಿಕ್ಕಿನ ಎದುರು ಸಾಲಿನಲ್ಲೇ ಇತ್ತು. ಐವತ್ತು ದಾಟಿದ ಮನುಷ್ಯ. ತೆಳ್ಳಗಿನ ಮೀಸೆ, ಕುತ್ತಿಗೆಯ ಸುತ್ತ ಅಳತೆಯ ಟೇಪು, ಕಿವಿಯ ಮೇಲೆ ಬೀಡಿ. ಅಂದು ಕೈಗೆ ಒಂದು ತುಂಡು ಬಟ್ಟೆ ಸುತ್ತಿಕೊಂಡು ಬಂದು ನನ್ನ ಮುಂದೆ ಕೂತರು.

“ಸೂಜಿ ಚುಚ್ಕಂಡ್ತು ಡಾಕ್ಟ್ರಮ್ಮ. ಕೀವಾಗ್ಬುಟ್ಟದೆ. ಒಸಿ ತೆಗ್ದು ಕಟ್ಬುಡಿ, ಗಿರಾಕಿಗಳು ಕಾಯ್ತಾವ್ರೆ.”

ನಡುಬೆರಳ ತುದಿ ಕೆಂಪಗೆ ಊದಿತ್ತು. ಕೀವು ತೆಗೆದು ತೊಳೆಯುತ್ತಾ ಮಾತಿಗೆ ಕೇಳಿದೆ: “ಹೊಲಿಯುವಾಗ ಬೆರಳಿಗೆ ಟೋಪಿ ಹಾಕ್ಕೊಳ್ಳಲ್ವಾ ನೀವು?”

“ಹಾಕ್ತಿದ್ದೆ. ಕೆಲಸ ಕಲ್ತಾಗಿಂದ ಅದೇ ಹಿತ್ತಾಳೆ ಟೋಪಿ. ಈಗ ನಾಕೈದು ತಿಂಗಳಿಂದ ಬೆರಳಿಗೇ ಓಗಾಕಿಲ್ಲ. ವಯಸ್ಸಾದಂಗೆ ಬೆರಳೂ ದಪ್ಪ ಆಯ್ತವೆ ಬುಡಿ.”

ನಾನು ತಲೆಯೆತ್ತಿ ನೋಡಿದೆ. ಕೆನ್ನೆ ಒಳಸೇರಿತ್ತು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಕೋಲಿನಂತೆ ನಿಂತಿತ್ತು. ಮೈಯೆಲ್ಲ ಸೊರಗಿದ ಮನುಷ್ಯನಿಗೆ ಬೆರಳು ಮಾತ್ರ ದಪ್ಪವಾಗುವುದು ಹೇಗೆ? ಇನ್ನೊಂದು ಕೈಯನ್ನೂ ಚಾಚಲು ಹೇಳಿದೆ. ಗಾಯವಿಲ್ಲದ ಬೆರಳುಗಳ ತುದಿಗಳೂ ನಗಾರಿ ಬಡಿಯುವ ಕೋಲಿನ ತುದಿಯಂತೆ ಉಬ್ಬಿದ್ದವು. ಉಗುರುಗಳು ಗಿಣಿಯ ಕೊಕ್ಕಿನ ಹಾಗೆ ಬಾಗಿ ಹೊಳೆಯುತ್ತಿದ್ದವು. ಉಗುರಿನ ಬುಡವನ್ನು ಒತ್ತಿದರೆ ಸ್ಪಂಜಿನಂತೆ ಮೆತ್ತಗಿತ್ತು. ಓದುವಾಗ ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ವಾರ್ಡಿನಲ್ಲಿ ಒಂದೆರಡು ಸಲ ಕಂಡಿದ್ದೆ. ಬೆರಳು ಹೀಗಾದರೆ ಕಾಯಿಲೆ ಬೆರಳಿನಲ್ಲಿರುವುದಿಲ್ಲ, ಹೆಚ್ಚಾಗಿ ಎದೆಯಲ್ಲಿರುತ್ತದೆ.

“ಕೆಮ್ಮು ಇದೆಯಾ?”

“ಬೀಡಿ ಕೆಮ್ಮು. ಅದಿದ್ದಿದ್ದೇ.”

“ಕಫದಲ್ಲಿ ರಕ್ತ ಏನಾದರೂ?”

ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಒಂದೆರಡ್ ಸಲ. ನೂಲೆಳೆ ಅಂಗೆ. ಮನೇಲಿ ಹೇಳಿಲ್ಲ.”

“ಸಣ್ಣ ಆಗಿದೀರಾ?”

“ನನ್ನ ಪ್ಯಾಂಟಿನ ಸೊಂಟಾನ ನಾನೇ ಎರಡ್ ಸಲ ಚಿಕ್ಕದು ಮಾಡ್ಕಂಡೆ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಬೆರಳು ನೋಡಿ ಅಂದ್ರೆ ಎಲ್ಲೆಲ್ಲಿಗೋ ಓಯ್ತಾ ಇದೀರಲ್ಲ ಡಾಕ್ಟ್ರಮ್ಮ” ಎಂದರು.

ರಂಗಸ್ವಾಮಿ ಡಾಕ್ಟರು ಬಂದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ಸಿಗರೇಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇನ್ನಾಸಪ್ಪನವರ ಅಂಗಿ ಬಿಚ್ಚಿಸಿ, ಎದೆ ಬೆನ್ನುಗಳನ್ನು ಬೆರಳಿನಿಂದ ಬಡಿದು ಬಡಿದು ನೋಡಿದರು. ಬಲಗಡೆ ಮೇಲೆ ಒಂದು ಕಡೆ ಸದ್ದು ಮಂಕಾಗಿ ಬಂತು. “ಇಲ್ಲಿ ನೀನೂ ಬಡಿದು ನೋಡಮ್ಮ” ಎಂದು ನನ್ನನ್ನು ಕರೆದರು. ಆ ದಿನ ಇನ್ನಾಸಪ್ಪನವರು ಬೇಡ ಅನ್ನಲಿಲ್ಲ.

ಎಕ್ಸ್‌ರೇ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿಯ ನೆರಳು. ಆ ಕಾಲಕ್ಕೆ ಕೆಮ್ಮು, ರಕ್ತ, ಸೊರಗು, ಎದೆಯ ಮೇಲ್ಭಾಗದಲ್ಲಿ ನೆರಳು ಅಂದರೆ ಯಾರಿಗಾದರೂ ಮೊದಲು ಬಾಯಿಗೆ ಬರುವ ಹೆಸರು ಕ್ಷಯ. ಊರಿನಲ್ಲಿ ಅದು ಅಷ್ಟು ಹರಡಿತ್ತು. ಡಾಕ್ಟರೂ ಅದನ್ನೇ ಹೇಳಿದರು. ಆದರೆ ಹೇಳುವಾಗ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ.

“ಕ್ಷಯದಲ್ಲೂ ಉಗುರು ಹೀಗಾಗುತ್ತೆ, ಬಹಳ ಹಳೇದಾದಾಗ. ಇವರದು ಅಷ್ಟು ಹಳೇದಲ್ಲ. ಇಂಜೆಕ್ಷನ್ ಶುರು ಮಾಡೋಣ. ಕಫ ಮೂರು ಸಲ ಪರೀಕ್ಷೆಗೆ ಕಳಿಸು. ಆದರೆ ನಾವು ಮರೆತು ಕೂರೋದು ಬೇಡ. ದಸರಾಕ್ಕೆ ಮುಂಚೆ ಇನ್ನೊಂದು ಎಕ್ಸ್‌ರೇ ಆಗಲೇಬೇಕು.”

ಆ ಸಂಜೆ ಇನ್ನಾಸಪ್ಪನವರ ಹೆಂಡತಿ ಲೂರ್ದಮ್ಮ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಜಪಮಾಲೆ.

“ಡಾಕ್ಟ್ರಮ್ಮ, ನಮ್ ಮಗಳು ರೀಟಾಗೆ ಮದ್ವೆ ಗೊತ್ತಾಗ್ಯದೆ. ಕೆಸರೆ ಕಡೆ ಹುಡುಗ, ರೈಲ್ವೇಲಿ ಫಿಟ್ಟರ್. ಟಿ.ಬಿ. ಅಂತ ಗೊತ್ತಾದ್ರೆ ನಮ್ಮನೇಲಿ ನೀರೂ ಕುಡಿಯಾಕಿಲ್ಲ ಯಾರೂವೆ. ನಿಮ್ಮ ಕಾಲಿಗೆ ಬೀಳ್ತೀನಿ ಕಣಮ್ಮ, ಯಾರ್ಗೂ ಹೇಳ್ಬುಡ್ಬೇಡಿ.”

“ನಾವು ಯಾರಿಗೂ ಹೇಳಲ್ಲ ಲೂರ್ದಮ್ಮ. ಆದರೆ ಲೋಟ ತಟ್ಟೆ ಬೇರೆ ಇಡಿ, ಕಿಟಕಿ ತೆಗೆದಿಡಿ” ಎಂದೆ.

ಮಳೆಗಾಲ ಹಾಗೇ ಸಾಗಿತು. ಇನ್ನಾಸಪ್ಪನವರು ಅಂಗಡಿ ತೆರೆಯುವ ಮುಂಚೆ ಬಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಹೋಗುತ್ತಿದ್ದರು. “ಜೀವಮಾನ ಪೂರ್ತಿ ಬಟ್ಟೆಗೆ ಸೂಜಿ ಹಾಕ್ದೆ, ಈಗ ನೀವು ನನಗಾಕ್ತಾ ಇದೀರಿ” ಅನ್ನುತ್ತಿದ್ದರು. ಬಟ್ಟೆಯ ಮೇಲೆ ಬಿದ್ದ ಬೆಳಕು, ನೂಲು, ಮಗಳ ಮದುವೆಗೆ ತಾವೇ ಹೊಲಿಯಬೇಕೆಂದಿರುವ ಬಿಳಿಯ ಉಡುಪು, ಹೀಗೆ ಏನಾದರೂ ಮಾತಾಡುತ್ತಿದ್ದರು. ಒಂದು ಬೆಳಿಗ್ಗೆ ಡಾಕ್ಟರು, “ಬೀಡಿ ಬಿಡಬೇಕು ಇನ್ನಾಸಪ್ಪ. ಅದರಿಂದ ಎದೆ ಕೆಡುತ್ತೆ ಅಂತ ಈಗೀಗ ದೊಡ್ಡ ದೊಡ್ಡವರು ಬರೀತಿದಾರೆ” ಎಂದರು. ಇನ್ನಾಸಪ್ಪನವರು ತುಂಬಾ ವಿನಯವಾಗಿ, “ಆಯ್ತು ಸಾಮಿ. ನೀವೂ ಸೇದ್ತೀರಲ್ಲ” ಅಂದುಬಿಟ್ಟರು. ಡಾಕ್ಟರು ಕೈಯಲ್ಲಿದ್ದದ್ದನ್ನು ನೋಡಿಕೊಂಡು, ನಕ್ಕು, ಆರಿಸಿದರು. ಮನೆಯಲ್ಲಿ ಬಿಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ, ಕ್ಲಿನಿಕ್ಕಿನಲ್ಲಿ ಆಮೇಲೆ ಅವರು ಸೇದಿದ್ದನ್ನು ನಾನು ಕಾಣಲಿಲ್ಲ.

ಕಫದ ಪರೀಕ್ಷೆಯಲ್ಲಿ ಕ್ಷಯದ ಕ್ರಿಮಿ ಒಂದು ಸಲವೂ ಸಿಗಲಿಲ್ಲ. ಕೆಮ್ಮು ಕಡಿಮೆಯಾಗಲಿಲ್ಲ. ಮಳೆ ಹಿಂದೆಗೆದು ಬಿಸಿಲು ಹಳದಿಯಾಗತೊಡಗಿದಾಗ ಎರಡನೇ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಅವರ ಭುಜದ ಹಿಂದೆ ನಿಂತಿದ್ದೆ. ನೆರಳು ಕುಗ್ಗಿರಲಿಲ್ಲ, ಬೆಳೆದಿತ್ತು.

“ಕ್ಷಯ ಆಗಿದ್ದರೆ ಇಷ್ಟು ಹೊತ್ತಿಗೆ ಒಂಚೂರಾದರೂ ಕರಗಬೇಕಿತ್ತು” ಎಂದರು. “ಇದು ನಮ್ಮ ಔಷಧಿಗೆ ಕ್ಯಾರೇ ಅಂತಿಲ್ಲ. ನೀನು ಮೊದಲ ದಿನ ಹೇಳಿದ ಉಗುರೇ ಸರಿ ಕಣಮ್ಮ. ಅವರಿಬ್ಬರನ್ನೂ ಕರೆಸು.”

ಗಂಡ ಹೆಂಡತಿ ಬಂದು ಕೂತರು. ಡಾಕ್ಟರು ನಿಧಾನವಾಗಿ ಶುರು ಮಾಡಿದರು. “ನೋಡಿ ಇನ್ನಾಸಪ್ಪ, ಇದು ಕ್ಷಯ ಅಲ್ಲ ಅಂತ ನನಗೆ ಅನ್ನಿಸ್ತಿದೆ...”

ಮುಂದಿನ ಮಾತಿಗೆ ಲೂರ್ದಮ್ಮ ಅವಕಾಶವನ್ನೇ ಕೊಡಲಿಲ್ಲ. “ಅಲ್ವಂತೆ! ಟಿ.ಬಿ. ಅಲ್ವಂತೆ! ನನ್ ತಾಯೇ!” ಎಂದು ಎದ್ದು, ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಲೇ ಬಾಗಿಲು ದಾಟಿ ಹೋಗಿಯೇಬಿಟ್ಟರು. ಡಾಕ್ಟರು ಕೈಯೆತ್ತಿ ಕರೆಯುವಷ್ಟರಲ್ಲಿ ಅವರು ಬೀದಿಯಲ್ಲಿದ್ದರು. ಎದುರಿಗೆ ಸಿಕ್ಕ ಯಾರಿಗೋ ಏನೋ ಹೇಳಿ ನಗುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು.

ಇನ್ನಾಸಪ್ಪನವರು ಕದಲಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತಿದ್ದರು.

“ಅಂಗಾದ್ರೆ ಇನ್ನೇನು ಸಾಮಿ?”

ಡಾಕ್ಟರು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. “ಗೆಡ್ಡೆ ಇರಬಹುದು. ಕ್ಯಾನ್ಸರ್ ಅಂತಾರೆ. ಖಚಿತವಾಗಿ ಹೇಳೋ ಸೌಕರ್ಯ ನನ್ನ ಹತ್ತಿರ ಇಲ್ಲ. ಮದರಾಸಿನಲ್ಲಿದೆ. ಗಂಟಲಿಂದ ಕೊಳವೆ ಬಿಟ್ಟು ಒಳಗೆ ನೋಡ್ತಾರೆ. ಒಂದೇ ಕಡೆ ಇದ್ದರೆ ಆಪರೇಷನ್ ಮಾಡಿ ತೆಗೀತಾರೆ. ತೆಗೆಯೋಕೆ ಆಗದೇನೂ ಇರಬಹುದು. ನಿಮಗೆ ಸುಳ್ಳು ಹೇಳಲ್ಲ.”

ಇನ್ನಾಸಪ್ಪನವರು ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಸುತ್ತತೊಡಗಿದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು.

“ಮಗಳ ಮದ್ವೆ ನೋಡ್ತೀನಾ?”

“ಗೊತ್ತಿಲ್ಲ ಇನ್ನಾಸಪ್ಪ. ನೀವು ನೋಡಬೇಕು ಅಂತಲೇ ಹೋಗಿ ಅಂತಿದೀನಿ.”

ಅಷ್ಟರಲ್ಲಿ ಲೂರ್ದಮ್ಮ ಹಿಂದಿರುಗಿದರು. ಕೈಯಲ್ಲಿ ಎಲೆಯ ಪೊಟ್ಟಣದ ತುಂಬ ಬೂಂದಿಲಾಡು. ಮೊದಲು ಡಾಕ್ಟರಿಗೆ ಕೊಟ್ಟರು, ಆಮೇಲೆ ನನಗೆ. ನಾನು ಲಾಡು ಹಿಡಿದುಕೊಂಡು ನಿಂತೆ. ಬಾಯಿಗೆ ಹಾಕಿಕೊಳ್ಳುವುದಿರಲಿ, ಆ ಕೈಯನ್ನು ಎಲ್ಲಿಡಬೇಕೆಂದೂ ತೋಚಲಿಲ್ಲ. ಲೂರ್ದಮ್ಮ ಬೆಂಚಿನ ಮೇಲಿದ್ದ ರೋಗಿಗಳಿಗೂ ಹಂಚಿ, ಕೊನೆಯದನ್ನು ಗಂಡನ ಮುಂದೆ ಹಿಡಿದು, “ಬಾಯ್ ತೆಗೀರಿ” ಎಂದರು. ಇನ್ನಾಸಪ್ಪನವರು ನಿಜವಾಗಿಯೂ ಬಾಯಿ ತೆರೆದು ತಿಂದರು. ತಿಂದು ಮುಗಿಸಿ, ಹೆಂಡತಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಕೂತ್ಕೊ ಲೂರ್ದು. ಡಾಕ್ಟ್ರು ಇನ್ನೂ ಹೇಳಿ ಮುಗಿಸಿಲ್ಲ. ನಾನೇ ಹೇಳ್ತೀನಿ.”

ನಾನು ಪರದೆಯ ಆಚೆ ಹೋದೆ. ಅವರು ಏನು ಹೇಳಿದರೋ ಕೇಳಿಸಲಿಲ್ಲ. ಲೂರ್ದಮ್ಮ ಅಳುವುದು ಕೇಳುತ್ತದೆಂದು ಕಾದೆ. ಅದೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಲೂರ್ದಮ್ಮನ ದನಿ ಮಾತ್ರ ಬಂತು: “ಮದರಾಸಿಗೆ ಯಾವತ್ತು ಓಗ್ಬೇಕು?”

ಡಾಕ್ಟರ ಜೊತೆ ಓದಿದವರೊಬ್ಬರು ಮದರಾಸಿನಲ್ಲಿ ಎದೆಯ ಶಸ್ತ್ರವೈದ್ಯರ ಬಳಿ ಕೆಲಸದಲ್ಲಿದ್ದರು. ಡಾಕ್ಟರು ಟ್ರಂಕ್ ಕಾಲ್ ಬುಕ್ ಮಾಡಿ, ಒಂದು ಮಧ್ಯಾಹ್ನ ಪೂರ್ತಿ ಫೋನಿನ ಪಕ್ಕದಲ್ಲೇ ಕೂತು, ಲೈನು ಸಿಕ್ಕಾಗ ಬೀದಿಗೆಲ್ಲ ಕೇಳುವಂತೆ ಕೂಗಿ ಕೂಗಿ ಮಾತಾಡಿ, ಹಾಸಿಗೆ ಗೊತ್ತು ಮಾಡಿದರು. ಅಷ್ಟು ಹೊತ್ತಿಗೆ ಸುದ್ದಿ ಕೆಸರೆಗೂ ತಲುಪಿತ್ತು. ಗಂಡಿನ ತಾಯಿ ಅನ್ನಮ್ಮ ಕ್ಲಿನಿಕ್ಕಿಗೇ ಬಂದರು. ಎತ್ತರದ ಹೆಂಗಸು, ಮಾತಿನಲ್ಲಿ ಸುತ್ತುಬಳಸಿಲ್ಲ.

“ಬೀಗರಿಗೆ ಏನ್ ಕಾಯಿಲೆ ಸಾಮಿ?”

“ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಹೇಳೋ ಪದ್ಧತಿ ನನಗಿಲ್ಲ ತಾಯಿ. ಅವರನ್ನೇ ಕೇಳಿ” ಎಂದರು ಡಾಕ್ಟರು. ಆಮೇಲೆ ನನಗೆ, “ನೀನೂ ಜೊತೆಗೆ ಹೋಗಮ್ಮ ಜಯಮ್ಮ. ಇನ್ನಾಸಪ್ಪ ಒಪ್ಪಿದರೆ ಮಾತ್ರ ಬಾಯಿ ಬಿಡು” ಎಂದರು.

ಬೀದಿ ದಾಟಿ ಅಂಗಡಿಗೆ ಹೋದೆವು. ರೀಟಾ ಒಂದು ಮೂಲೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತಿದ್ದವಳು ಎದ್ದು ನಿಂತಳು. ಇನ್ನಾಸಪ್ಪನವರು ಮೆಷೀನು ನಿಲ್ಲಿಸಿ, ಬೀಗಿತಿಗೆ ಸ್ಟೂಲು ಕೊಟ್ಟು, ಕೇಳುವ ಮುಂಚೆಯೇ ಹೇಳಿದರು.

“ಟಿ.ಬಿ. ಅಲ್ಲ ಅನ್ನಮ್ಮೋರೇ. ಅದ್ಕಿಂತ ಕೆಟ್ಟದ್ದು. ಎದೇಲಿ ಗೆಡ್ಡೆ. ಮದರಾಸಿಗೆ ಓಯ್ತಾ ಇದೀನಿ, ವಾಪಸ್ ಬತ್ತೀನೋ ಇಲ್ವೋ. ಈ ಸಂಬಂಧ ಬ್ಯಾಡ ಅಂತ ಅನ್ಸಿದ್ರೆ ಈಗ್ಲೇ ಹೇಳ್ಬುಡಿ. ನಾನು ಬೇಜಾರ್ ಮಾಡ್ಕಳಕಿಲ್ಲ.”

ಅನ್ನಮ್ಮ ನನ್ನ ಕಡೆ ತಿರುಗಿದರು. “ಇದು ಅಂಟ್ತದಾ ಡಾಕ್ಟ್ರಮ್ಮ?”

ಇನ್ನಾಸಪ್ಪನವರು ಹೇಳಿ ಎಂಬಂತೆ ನನ್ನತ್ತ ತಲೆಯಾಡಿಸಿದರು. “ಇಲ್ಲಮ್ಮ, ಅಂಟಲ್ಲ” ಎಂದೆ.

ಅನ್ನಮ್ಮ ಸ್ವಲ್ಪ ಹೊತ್ತು ಮೆಷೀನಿನ ಮೇಲಿದ್ದ ಬಟ್ಟೆಯನ್ನು ಕೈಯಿಂದ ಸವರುತ್ತಾ ಕೂತರು. ರೀಟಾಳ ಕಣ್ಣು ನೆಲದ ಮೇಲಿತ್ತು.

“ನೀವು ಓಗೋದ್ಕೆ ಮುಂಚೆ ಮದ್ವೆ ಮಾಡ್ಬುಡಣ ಅಂತ ನಮ್ಮ ಮನೇಲಿ ಅಂತಾವ್ರೆ” ಎಂದರು ಕೊನೆಗೆ. “ನಂಗೆ ಅದು ಇಷ್ಟ ಇಲ್ಲ. ಆಸ್ಪತ್ರೆಗೆ ಒಂಟೋರ ಮನೇಲಿ ಮದ್ವೆ ಊಟ ಯಾರ್ ಉಣ್ತಾರೆ? ನೀವು ಓಗ್ಬನ್ನಿ. ನಾವು ಕಾಯ್ತೀವಿ.”

“ಬರ್ದೇ ಓದ್ರೆ?”

“ಬರ್ದೇ ಓದ್ರೂ ರೀಟಾ ನಮ್ಮನೆ ಹುಡುಗೀನೆ. ಆದ್ರೆ ಬನ್ನಿ. ನಮ್ ಹುಡುಗ ಜೋಸೆಫೇ ನಿಮ್ ಜೊತೆ ಬತ್ತಾನೆ, ಅವನಿಗೆ ತಮಿಳು ಬತ್ತದೆ.”

ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಎಷ್ಟೋ ಕೆಟ್ಟ ಸುದ್ದಿ ಹೇಳಿದ್ದೇನೆ, ಎಷ್ಟೋ ನೆಂಟಸ್ತಿಕೆ ಮುರಿದದ್ದನ್ನೂ ನೋಡಿದ್ದೇನೆ. ಹಾಗೆ ನೋಡಿದಾಗಲೆಲ್ಲ ಅನ್ನಮ್ಮನವರ ಆ ದನಿ ನೆನಪಾಗಿ ಅವರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಊರು ದಸರಾದ ದೀಪಗಳಿಗೆ ಸಿದ್ಧವಾಗುತ್ತಿದ್ದಾಗ ಅವರು ರೈಲು ಹತ್ತಿದರು. ಇನ್ನಾಸಪ್ಪ, ಲೂರ್ದಮ್ಮ, ಜೊತೆಗೆ ಒಂದು ಟ್ರಂಕು ಹೊತ್ತ ಜೋಸೆಫ್. ಹಬ್ಬದ ಹೊಲಿಗೆ ಅಂಗಡಿಯ ತುಂಬ ಬಿದ್ದಿತ್ತು. ಪಕ್ಕದ ಅಂಗಡಿಯ ಬಾಷಾ ಸಾಹೇಬರು, ಅವರೂ ಟೈಲರೇ, ಬಂದು ಬಾಗಿಲು ತೆರೆದು, ರೀಟಾಳನ್ನು ಕೂರಿಸಿಕೊಂಡು, “ಅರೆ ಬೇಟಿ, ಅಪ್ಪನ ಗಿರಾಕಿ ಒಬ್ಬನೂ ಖಾಲಿ ಕೈಯಲ್ಲಿ ವಾಪಸ್ ಹೋಗಬಾರದು” ಎಂದು ಅಷ್ಟನ್ನೂ ಹೊಲಿದು ಮುಗಿಸಿದರು. ಸಂಜೆಗಳಲ್ಲಿ ಬೀದಿಯ ಜನವೆಲ್ಲ ದೀಪ ನೋಡಲು ಹೋದ ಮೇಲೂ ಆ ಎರಡು ಮೆಷೀನು ಓಡುತ್ತಿದ್ದವು.

ಮದರಾಸಿನಿಂದ ಮೊದಲು ಬಂದ ಸುದ್ದಿ ನಾವು ಅಂದುಕೊಂಡದ್ದೇ: ಕ್ಯಾನ್ಸರ್. ಆದರೆ ಒಂದೇ ಕಡೆ ಇತ್ತು, ಹರಡಿರಲಿಲ್ಲ. ಶ್ವಾಸಕೋಶದ ಮೇಲಿನ ಭಾಗವನ್ನು ತೆಗೆಯುತ್ತಾರೆಂದು ತಿಳಿಯಿತು. ಆಪರೇಷನ್ನಿನ ದಿನ ಡಾಕ್ಟರು ರೋಗಿಗಳನ್ನು ನೋಡಿದರು, ಔಷಧಿ ಬರೆದರು, ಎಲ್ಲ ಮಾಮೂಲು. ಆದರೆ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ತಂತಿಯವನೇನೋ ಎಂದು ತಲೆಯೆತ್ತುತ್ತಿದ್ದರು. ಮರುದಿನ ತಂತಿ ಬಂತು. ಜೋಸೆಫ್ ಕಳಿಸಿದ್ದು. ಆಪರೇಷನ್ ಆಯಿತು, ಮಾವ ಮಾತಾಡಿದರು ಎಂದಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ರೀಟಾಗೆ ಹೇಳಲು ಬೀದಿ ದಾಟಿ ಓಡಿದೆ. ಸೀರೆಯ ನೆರಿಗೆ ಎತ್ತಿಕೊಂಡು ಹಾಗೆ ಓಡಿದ ಡಾಕ್ಟ್ರಮ್ಮನನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ. ಮಾವನಿಗೆ ಬೇಕಾದ ರಕ್ತವನ್ನು ಜೋಸೆಫನೇ ಕೊಟ್ಟಿದ್ದನೆಂಬುದು ಅವರು ಹಿಂದಿರುಗಿದ ಮೇಲೆ ಲೂರ್ದಮ್ಮ ಹೇಳಿದಾಗ ತಿಳಿಯಿತು. ಅವನು ಆ ಮಾತೆತ್ತಿರಲೇ ಇಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಮುಂದೆ ನಾನೇ ಗುರುತಿಸಿದ ಇಂಥ ಕಾಯಿಲೆಯವರಲ್ಲಿ ಬಹುಪಾಲು ಜನ ತಡವಾಗಿ ಬಂದವರು. ಅವರಿಗೆ ನೋವು ಕಡಿಮೆ ಮಾಡಿ, ಪಕ್ಕದಲ್ಲಿ ಕೂರುವುದಷ್ಟೇ ನನ್ನಿಂದಾದದ್ದು. ಇನ್ನಾಸಪ್ಪನವರು ಮಾತ್ರ ಬಹಳ ವರ್ಷ ಬದುಕಿದರು. ಮೊಮ್ಮಕ್ಕಳ ಯೂನಿಫಾರಂ ಹೊಲಿದರು. ಮೆಷೀನು ತುಳಿಯುವಾಗ ಆಯಾಸವಾದರೆ ನಿಲ್ಲಿಸಿ ಕೂರುತ್ತಿದ್ದರು, ಆಮೇಲೆ ಮತ್ತೆ ತುಳಿಯುತ್ತಿದ್ದರು. ಕೆಮ್ಮುವ ಯಾರನ್ನಾದರೂ ಕಂಡರೆ ಬೈದು ನಮ್ಮ ಕ್ಲಿನಿಕ್ಕಿಗೆ ಅಟ್ಟುತ್ತಿದ್ದರು. ರೋಗಿಗೆ ಅವಸರ ಮಾಡಬಾರದೆಂದು, ಅನುಮಾನ ಬಂದರೆ ಅದನ್ನು ಕೈಬಿಡಬಾರದೆಂದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕೆಂದು ನಾನು ಕಲಿತದ್ದು ಆ ವರ್ಷ, ಡಾಕ್ಟರು ಮತ್ತು ಇನ್ನಾಸಪ್ಪ ಎಂಬ ಆ ಇಬ್ಬರು ಹಿರಿಯರಿಂದ. ಅದನ್ನೇ ಹಿಡಿದುಕೊಂಡು ಇಷ್ಟು ಕಾಲ ವೈದ್ಯ ಮಾಡಿದೆ.

ರೀಟಾಳ ಮದುವೆ ಆ ಆಪರೇಷನ್ನಿನ ನಂತರದ ಜನವರಿಯಲ್ಲಾಯಿತು. ಚಳಿಯ ಬೆಳಗು, ಚರ್ಚಿನ ಎತ್ತರದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬೆಂಚುಗಳ ಮೇಲೆ ಬೀಳುತ್ತಿತ್ತು. ನಾನೂ ಡಾಕ್ಟರೂ ಮಧ್ಯದ ಸಾಲಿನಲ್ಲಿ ಕೂತಿದ್ದೆವು. ಬಾಷಾ ಸಾಹೇಬರು ಟೋಪಿ ಹಾಕಿಕೊಂಡು ನಮ್ಮ ಪಕ್ಕದಲ್ಲಿದ್ದರು. ಹಾರ್ಮೋನಿಯಂ ಶುರುವಾಯಿತು. ಬಾಗಿಲಲ್ಲಿ ರೀಟಾ, ಅವಳ ಕೈ ಹಿಡಿದ ಇನ್ನಾಸಪ್ಪನವರು. ಹೊಸ ಕೋಟು ಅವರ ಬಲಭುಜದ ಮೇಲೆ ಕೊಂಚ ಇಳಿಬಿದ್ದಿತ್ತು.

ಅರ್ಧ ದಾರಿಯವರೆಗೆ ಸರಾಗವಾಗಿ ಬಂದರು. ನಮ್ಮ ಸಾಲಿನ ಹತ್ತಿರ ಬಂದವರು ನಿಂತುಬಿಟ್ಟರು. ಬಾಯಿ ತುಸು ತೆರೆದಿತ್ತು, ಒಂದು ಕೈ ಬೆಂಚಿನ ಅಂಚನ್ನು ಹಿಡಿದಿತ್ತು. ರೀಟಾ ಅಪ್ಪನ ಮುಖ ನೋಡಿ ತಾನೂ ನಿಂತಳು. ನಾನು ಅರ್ಧ ಎದ್ದೆ. ಡಾಕ್ಟರು ನನ್ನ ತೋಳು ಹಿಡಿದು ಮೆಲ್ಲಗೆ ಕೂರಿಸಿದರು.

“ಕೂತ್ಕೊಳ್ಳಮ್ಮ. ಉಸಿರು ತಗೋತಿದಾರೆ, ಅಷ್ಟೆ.”

ಹಾರ್ಮೋನಿಯಂ ನುಡಿಸುವವರು ತಿರುಗಿ ನೋಡಿ, ಮುಗಿಯುತ್ತಾ ಬಂದಿದ್ದ ರಾಗವನ್ನು ಮತ್ತೆ ಮೊದಲಿಂದ ಎತ್ತಿಕೊಂಡರು. ಪೀಠದ ಹತ್ತಿರ ಪಾದ್ರಿಗಳು, ಜೋಸೆಫ್, ಅನ್ನಮ್ಮ, ಬೆಂಚುಗಳಲ್ಲಿದ್ದ ಅಷ್ಟೂ ಜನ ಕಾದರು. ಯಾರೂ ಕೆಮ್ಮಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ಇನ್ನಾಸಪ್ಪನವರು ಒಂದು ದೀರ್ಘ ಉಸಿರು ಒಳಗೆ ಎಳೆದುಕೊಂಡರು, ಎದೆ ನಿಧಾನವಾಗಿ ಉಬ್ಬಿ ಇಳಿಯಿತು. ಬೆಂಚಿನಿಂದ ಕೈ ತೆಗೆದರು. “ನಡಿ ಮಗಳೇ” ಅಂದರು.